ಗ್ಯಾಸ್ ಕಟಿಂಗ್‌ಗೆ ಅಸಿಟಿಲೀನಾ, ಎಲ್‌ಪಿಜಿನಾ?

ಕಬ್ಬಿಣವನ್ನು ಕತ್ತರಿಸುವುದು ಆಕ್ಸಿಜನ್, ಗ್ಯಾಸ್ ಅಲ್ಲ. ಗ್ಯಾಸ್ ಪ್ಲೇಟನ್ನು ಸುಮಾರು 900 ಡಿಗ್ರಿಗೆ ಕಾಯಿಸಿ ಕೆಂಪಗೆ ಮಾಡುತ್ತದೆ, ಅಷ್ಟೇ. ಕಟಿಂಗ್ ಟಾರ್ಚಿನ ಲಿವರ್ ಒತ್ತಿದಾಗ ನುಗ್ಗುವ ಆಕ್ಸಿಜನ್‌ನಲ್ಲಿ ಕಬ್ಬಿಣವೇ ಉರಿದು, ಕಿಟ್ಟವಾಗಿ ಕೆಳಗೆ ಹಾರುತ್ತದೆ. ಹಾಗಾಗಿ ಹೀಗೆ ಉರಿಯದ ಸ್ಟೇನ್‌ಲೆಸ್ ಸ್ಟೀಲೋ ಅಲ್ಯೂಮಿನಿಯಮ್ಮೋ ಕಟ್ ಆಗ್ತಿಲ್ಲ ಅಂತ ಗ್ಯಾಸ್ ಬದಲಿಸಿದರೆ ಏನೂ ಪ್ರಯೋಜನವಿಲ್ಲ.

ಅಸಿಟಿಲೀನ್ ಜ್ವಾಲೆ 3100 ಡಿಗ್ರಿ ದಾಟುತ್ತದೆ, ಅದರ ಬಿಸಿಯೆಲ್ಲ ಒಳಗಿನ ಚಿಕ್ಕ ಮೊನೆಯ ಹತ್ತಿರವೇ ಇರುತ್ತದೆ. ಅದಕ್ಕೇ ಪ್ಲೇಟ್ ಬೇಗ ಕೆಂಪಾಗುವುದು. ತುಕ್ಕು ಹಿಡಿದದ್ದು, ಬಣ್ಣ ಬಳಿದದ್ದು, ಇಲ್ಲೊಂದು ತೂತು ಅಲ್ಲೊಂದು ಸಣ್ಣ ಕಟ್ ಅನ್ನುವಂಥ ರಿಪೇರಿ ಕೆಲಸ, ಜೊತೆಗೆ ಗ್ಯಾಸ್ ವೆಲ್ಡಿಂಗೂ ಬೇಕು ಅಂದರೆ ಇದನ್ನೇ ತಗೊಳ್ಳಿ. ಎಲ್‌ಪಿಜಿಯಲ್ಲಿ ಸ್ಟೀಲ್ ವೆಲ್ಡಿಂಗ್ ಆಗಲ್ಲ.

ಆದರೆ ಅಸಿಟಿಲೀನ್ ಸ್ವಲ್ಪ ಮುಂಗೋಪಿ. ರೆಗ್ಯುಲೇಟರಿನಲ್ಲಿ ಒತ್ತಡ 15 ಪಿಎಸ್ಐ ದಾಟಿಸಲೇಬೇಡಿ, ಜಾಸ್ತಿಯಾದರೆ ಗಾಳಿ ಇಲ್ಲದೆಯೂ ಸಿಡಿಯಬಹುದು. ಸಿಲಿಂಡರಿನೊಳಗೆ ಅದು ಅಸಿಟೋನ್‌ನಲ್ಲಿ ಕರಗಿರುತ್ತದೆ, ಆದ್ದರಿಂದ ಮಲಗಿಸಿ ಬಳಸಬಾರದು. ಗಂಟೆಗೆ ಸಿಲಿಂಡರಿನ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಎಳೆಯಲೂಬಾರದು. ಎಳೆದರೆ ಗ್ಯಾಸಿನ ಜೊತೆ ಅಸಿಟೋನೂ ಬರುತ್ತದೆ.

ಎಲ್‌ಪಿಜಿ ಜ್ವಾಲೆ ಸುಮಾರು 2800 ಡಿಗ್ರಿ, ಬಿಸಿ ಹೊರಗಿನ ಜ್ವಾಲೆಯಲ್ಲಿ ಹರಡಿಕೊಂಡಿರುತ್ತದೆ. ಮೊದಲ ಸಲ ಹಿಡಿದವರಿಗೆ ಪ್ಲೇಟ್ ಕೆಂಪಾಗುವಷ್ಟರಲ್ಲಿ ತಾಳ್ಮೆ ಹೋಗುತ್ತದೆ. ಆಕ್ಸಿಜನ್ ನಿಧಾನವಾಗಿ ಕೊಡುತ್ತಾ ಹೋಗಿ, ಒಳಗಿನ ನೀಲಿ ಮೊನೆಗಳು ಗಿಡ್ಡವಾಗಿ ಚೂಪಾದ ಮೇಲೆ ಟಾರ್ಚಿನ ತುದಿಯ ನಾಝಲನ್ನು ಅಸಿಟಿಲೀನ್‌ಗಿಂತ ತುಸು ಎತ್ತರದಲ್ಲಿ ಹಿಡಿದು, ಪ್ಲೇಟಿನ ಅಂಚಿನಿಂದಲೇ ಶುರು ಮಾಡಿ. ಒಮ್ಮೆ ಕಟ್ ಹಿಡಿಯಿತೆಂದರೆ ವೇಗದಲ್ಲಿ ದೊಡ್ಡ ವ್ಯತ್ಯಾಸವೇನೂ ಕಾಣಲ್ಲ. ದಪ್ಪ ಪ್ಲೇಟಿನ ಉದ್ದುದ್ದ ಕಟ್, ದಿನವಿಡೀ ಗುಜರಿ ಕತ್ತರಿಸುವುದು, ಕಾಯಿಸಿ ಬಗ್ಗಿಸುವುದು, ಇದಕ್ಕೆಲ್ಲ ನನ್ನ ಓಟು ಎಲ್‌ಪಿಜಿಗೇ.

ಗ್ಯಾಸ್ ಅಗ್ಗ ಅಂತ ಖುಷಿಪಡುವ ಮುಂಚೆ ಆಕ್ಸಿಜನ್ ಲೆಕ್ಕವನ್ನೂ ಹಾಕಿ. ಕಾಯಿಸುವ ಜ್ವಾಲೆಗೆ ಒಂದು ಪಾಲು ಅಸಿಟಿಲೀನ್ ಇದ್ದರೆ ಸಿಲಿಂಡರಿನಿಂದ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಆಕ್ಸಿಜನ್ ಸಾಕು. ಅದೇ ಎಲ್‌ಪಿಜಿಯಲ್ಲಿರುವ ಪ್ರೊಪೇನ್‌ಗೆ ಸುಮಾರು ನಾಲ್ಕು ಪಾಲು ಬೇಕು. ಪದೇ ಪದೇ ಶುರು ಮಾಡಿ ನಿಲ್ಲಿಸುವ ಕೆಲಸವಾದರೆ ಗ್ಯಾಸಿನಲ್ಲಿ ಉಳಿದದ್ದು ಆಕ್ಸಿಜನ್‌ನಲ್ಲೇ ಹೋಯಿತು, ಅಲ್ವಾ?

ಗ್ಯಾಸ್ ಬದಲಿಸಿದರೆ ನಾಝಲೂ ಬದಲಾಗಬೇಕು. ಅಸಿಟಿಲೀನ್ ನಾಝಲ್ ಸಾಮಾನ್ಯವಾಗಿ ಒಂದೇ ತುಂಡು, ಮುಖ ಚಪ್ಪಟೆ, ನಡುವಿನ ತೂತಿನ ಸುತ್ತ ಸಣ್ಣ ತೂತುಗಳು. ಎಲ್‌ಪಿಜಿಯದ್ದು ಎರಡು ತುಂಡಿನದು. ಬಿಚ್ಚಿದರೆ ಒಳಗಿನ ತುಂಡಿನ ಮೈಮೇಲೆ ಉದ್ದುದ್ದ ಗೀರುಗಳಿರುತ್ತವೆ, ಜೋಡಿಸಿದಾಗ ಅದರ ತುದಿ ತುಸು ಒಳಗೇ ಕೂತಿರುತ್ತದೆ. ಹೋಸ್ ಪೈಪೂ ಎಲ್‌ಪಿಜಿಗೆ ಅಂತ ಮಾಡಿದ್ದೇ ಇರಲಿ, ಅಸಿಟಿಲೀನ್‌ಗೆ ಮಾತ್ರ ಅಂತ ಮಾಡಿದ್ದರ ರಬ್ಬರ್ ಹಾಳಾಗುತ್ತದೆ. ಯಾವ ಗ್ಯಾಸಾದರೂ ಗ್ಯಾಸ್, ಆಕ್ಸಿಜನ್ ಎರಡೂ ಲೈನಿಗೆ, ಬೆಂಕಿ ಪೈಪಿನೊಳಗೆ ಹಿಂದಕ್ಕೆ ನುಗ್ಗದಂತೆ ತಡೆಯುವ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಹಾಕಿ. ಇನ್ನು ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿ ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ. ನೆಲಮಾಳಿಗೆಯಲ್ಲೋ ಗುಂಡಿಯಲ್ಲೋ ಇಳಿದು ಕತ್ತರಿಸುವ ಕೆಲಸಕ್ಕೆ ಅದನ್ನು ಒಯ್ಯಲೇಬೇಡಿ.