ಹದಿನಾರರಲ್ಲಿ ನಮ್ಮ ಪಾಲು ಎಷ್ಟು?

ಪತ್ತನಾಜೆ (ತಿರುಗಾಟ ಮುಗಿಯುವ ದಿನ) ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಉಡುಪಿ ಕಲ್ಸಂಕದ ನಮ್ಮ ಪುಟ್ಟ ಸ್ಟುಡಿಯೋದಲ್ಲಿ ಕೆಲಸ ಏರುತ್ತದೆ. ತಿರುಗಾಟದಲ್ಲಿ ಇಡೀ ರಾತ್ರಿ ಮುದ್ರಿಸಿದ ಆಟಗಳನ್ನು ತುಂಡು ಮಾಡಿ, ಭಾಗವತರ ಸ್ವರದ ಹಿಂದಿನ ಜನರೇಟರ್ ಸದ್ದನ್ನು ತೆಗೆಯಲು ನಾನೊಂದು ಪೈಥಾನ್ ಪ್ರೋಗ್ರಾಂ ಬರೆದಿದ್ದೇನೆ. ಒಂದು ಕೋರ್‌ಗೆ, ಅಂದರೆ ಪ್ರೊಸೆಸರ್‌ನ ಲೆಕ್ಕ ಮಾಡುವ ಒಂದು ಘಟಕಕ್ಕೆ, ಒಂದು ತುಂಡು.

ಕಳೆದ ವರ್ಷ ಬಾಡಿಗೆಯ ಸರ್ವರ್‌ನಲ್ಲಿ ಕೋರ್‌ಗಳೆಷ್ಟು ಎಂದು ಪೈಥಾನ್‌ನ ‘ಓಎಸ್.ಸಿಪಿಯು_ಕೌಂಟ್’ ಅನ್ನು ಕೇಳಿದಾಗ 16 ಎಂಬ ಉತ್ತರ ಬಂತು. 16 ಪ್ರೊಸೆಸ್‌ಗಳನ್ನು (ಒಟ್ಟಿಗೆ ಓಡುವ ಪ್ರತಿಗಳನ್ನು) ಎಬ್ಬಿಸಿದೆ. ಆದರೆ ನಮ್ಮ ಕಂಟೇನರ್‌ಗೆ (ಸರ್ವರ್‌ನಲ್ಲಿ ನಮಗೆ ಬೇರ್ಪಡಿಸಿಕೊಟ್ಟ ಭಾಗಕ್ಕೆ) ಕೊಟ್ಟಿದ್ದದ್ದು 4 ಕೋರ್‌ಗಳಷ್ಟು ಸಮಯ ಮಾತ್ರ. ಲಿನಕ್ಸ್ ಇದನ್ನು ಸಾಮಾನ್ಯವಾಗಿ 100 ಮಿಲಿಸೆಕೆಂಡ್‌ಗಳ ಅವಧಿಯಲ್ಲಿ ಅಳೆಯುತ್ತದೆ. ಪ್ರತಿ ಅವಧಿಗೆ ನಮ್ಮ ಪಾಲು ನಾಲ್ಕು ಕೋರ್‌ಗಳದ್ದು ಸೇರಿ 400 ಮಿಲಿಸೆಕೆಂಡ್. ಹದಿನಾರು ಒಟ್ಟಿಗೆ ಓಡಿದರೆ ಅದು 25 ಮಿಲಿಸೆಕೆಂಡ್‌ಗಳಲ್ಲೇ ಖಾಲಿ. ಉಳಿದ 75ರಲ್ಲಿ ಎಲ್ಲವೂ ಸುಮ್ಮನೆ ನಿಲ್ಲಬೇಕು. ಕೆಲಸ ನಾಲ್ಕರಷ್ಟೇ ಆಯಿತು, ಮೆಮೊರಿ ಹದಿನಾರರಷ್ಟು ಬೇಕಾಯಿತು. ನಡುರಾತ್ರಿ ಮೆಮೊರಿ ಸಾಲದೆ ಪ್ರೋಗ್ರಾಂ ನಿಂತಿತು. ಆ ಆಟದ ಬೆಳಗಿನ ಜಾವದ ಪದ್ಯಗಳನ್ನು ಮರುದಿನ ಮತ್ತೆ ಮೊದಲಿನಿಂದ ಮಾಡಿದೆ.

ಈಗ ನಾನು ನೋಡುವ ಕ್ರಮ ಹೀಗಿದೆ. ಮೊದಲು, ಪ್ರೊಸೆಸರ್‌ನ ವಿವರ ತೋರಿಸುವ ‘ಎಲ್‌ಎಸ್‌ಸಿಪಿಯು’ ಆದೇಶ. ಒಂದು ಕೋರ್‌ಗೆ ಎರಡು ಥ್ರೆಡ್ (ಒಂದೇ ಕೋರ್ ಒಟ್ಟಿಗೆ ನಡೆಸುವ ಕೆಲಸದ ಎಳೆ) ಎಂದು ಅದು ತೋರಿಸಿದರೆ, ಆ 16ರ ಹಿಂದೆ ಇರುವುದು 8 ನಿಜವಾದ ಕೋರ್‌ಗಳು. ಲೆಕ್ಕಾಚಾರವೇ ತುಂಬಿದ ಕೆಲಸವಾದರೆ ಎರಡೂ ಸಂಖ್ಯೆಗಳಲ್ಲಿ ಓಡಿಸಿ ಗಡಿಯಾರ ನೋಡಿ, ಊಹೆ ಬೇಡ.

ಪ್ರೋಗ್ರಾಂ ಯಾವ ಕೋರ್‌ಗಳ ಮೇಲೆ ಓಡಬಹುದು ಎಂಬುದು ‘ಓಎಸ್.ಶೆಡ್_ಗೆಟ್‌ಅಫಿನಿಟಿ(0)’ ಕೊಡುವ ಪಟ್ಟಿಯ ಉದ್ದದಲ್ಲಿದೆ. ಪೈಥಾನ್ 3.13ರಿಂದ ‘ಓಎಸ್.ಪ್ರೊಸೆಸ್_ಸಿಪಿಯು_ಕೌಂಟ್’ ಇದನ್ನೇ ನೇರವಾಗಿ ಹೇಳುತ್ತದೆ. ಪರೀಕ್ಷಿಸಲು ‘ಟಾಸ್ಕ್‌ಸೆಟ್’ ಆದೇಶದ ಮೂಲಕ 0ರಿಂದ 3ರವರೆಗಿನ ಕೋರ್‌ಗಳಿಗೆ ಕಟ್ಟಿ ಓಡಿಸಿ, 4 ಬರಬೇಕು.

ಆದರೆ ನನ್ನನ್ನು ಕೆಡಿಸಿದ ಸಮಯದ ಮಿತಿ ಈ ಎರಡಕ್ಕೂ ಕಾಣುವುದಿಲ್ಲ. ಅದಕ್ಕೆ ಕಂಟೇನರ್ ಒಳಗಿನ ‘/ಸಿಸ್/ಎಫ್‌ಎಸ್/ಸಿಗ್ರೂಪ್/ಸಿಪಿಯು.ಮ್ಯಾಕ್ಸ್’ ಫೈಲ್ ಓದಬೇಕು. ಇಂಥ ಮಿತಿ ಹಾಕುವ ಲಿನಕ್ಸ್ ವ್ಯವಸ್ಥೆಯಾದ ಸಿಗ್ರೂಪ್‌ನ ಎರಡನೆಯ ಆವೃತ್ತಿಯಲ್ಲಿ ಇದು ಇರುತ್ತದೆ. ನಮ್ಮದರಲ್ಲಿ ‘400000 100000’ ಎಂದಿತ್ತು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ: 4. ಮೊದಲ ಜಾಗದಲ್ಲಿ ‘ಮ್ಯಾಕ್ಸ್’ ಎಂದಿದ್ದರೆ ಅಲ್ಲಿ ಮಿತಿಯಿಲ್ಲ. ಭಿನ್ನಾಂಕ ಬಂದರೆ ನಾನು ಕೆಳಗಿನ ಪೂರ್ಣಾಂಕ ಹಿಡಿಯುತ್ತೇನೆ, ಆದರೆ ಒಂದಕ್ಕಿಂತ ಕಡಿಮೆ ಮಾಡುವುದಿಲ್ಲ.

ಪಟ್ಟಿಯ ಉದ್ದ, ಈ ಭಾಗಲಬ್ಧ, ಎರಡರಲ್ಲಿ ಚಿಕ್ಕದೇ ನಿಮ್ಮ ಸಂಖ್ಯೆ. ಬೇಕೆಂದಾಗ ಕೈಯಾರೆ ಬದಲಿಸಲು ಒಂದು ಸೆಟ್ಟಿಂಗ್ ಇಡಿ. ಎರಡೂ ಅಂಕಿಗಳನ್ನು ಲಾಗ್‌ನ ಮೊದಲ ಸಾಲಿನಲ್ಲೇ ಬರೆಸಿ, ರಾತ್ರಿ ಮನೆಗೆ ಹೊರಡುವ ಮುನ್ನ ಆ ಸಾಲನ್ನು ಓದಿ.