ಆರು ನಿಮಿಷದ ನಡಿಗೆ ಪರೀಕ್ಷೆಯನ್ನು ನಡೆಸುವುದು ಹೇಗೆ?

ಸಿಒಪಿಡಿಯಂತಹ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಗಳಲ್ಲಿ, ಕೊಳವೆಯೊಳಗೆ ಜೋರಾಗಿ ಊದಿಸಿ ಮಾಡುವ ಸ್ಪೈರೋಮೆಟ್ರಿ ಪರೀಕ್ಷೆಯು ಉಸಿರಾಟದ ಸಾಮರ್ಥ್ಯ ಎಷ್ಟು ಕುಗ್ಗಿದೆ ಎಂಬುದನ್ನು ತಿಳಿಸುತ್ತದೆಯೇ ಹೊರತು, ರೋಗಿ ಬಸ್‌ ನಿಲ್ದಾಣದವರೆಗೆ ನಡೆದು ಹೋಗಬಲ್ಲರೇ ಎಂಬುದನ್ನಲ್ಲ. ಸ್ಪೈರೋಮೆಟ್ರಿಯಲ್ಲಿ ಒಂದೇ ಅಂಕಿ ಬಂದ ಇಬ್ಬರಲ್ಲಿ ಒಬ್ಬರು ಸಂತೆಗೆ ಹೋಗಿ ಬರುತ್ತಾರೆ, ಇನ್ನೊಬ್ಬರಿಗೆ ಸ್ನಾನ ಮಾಡಿದರೇ ಏದುಸಿರು ಬರುತ್ತದೆ. ಈ ವ್ಯತ್ಯಾಸವನ್ನು ಅಳೆಯಲೆಂದೇ ನಡಿಗೆ ಪರೀಕ್ಷೆಗಳಿವೆ. 1976ರಲ್ಲಿ ಬ್ರಿಟನ್ನಿನ ವೈದ್ಯರು ದೀರ್ಘಕಾಲದ ಬ್ರಾಂಕೈಟಿಸ್ ರೋಗಿಗಳನ್ನು 12 ನಿಮಿಷ ನಡೆಸಿ ನೋಡಿದ್ದರು. ಅಷ್ಟು ಹೊತ್ತು ದಣಿಸಬೇಕಿಲ್ಲ, ಆರು ನಿಮಿಷವೇ ಸಾಕು ಎಂಬುದು 1982ರ ಹೊತ್ತಿಗೆ ಗೊತ್ತಾಯಿತು. ಅಮೆರಿಕದ ಥೊರಾಸಿಕ್ ಸೊಸೈಟಿ 2002ರಲ್ಲಿ, ಬಳಿಕ ಯುರೋಪಿನ ರೆಸ್ಪಿರೇಟರಿ ಸೊಸೈಟಿಯೊಂದಿಗೆ ಸೇರಿ 2014ರಲ್ಲಿ ಪ್ರಕಟಿಸಿದ ಕ್ರಮವೇ ಈಗ ಬಳಕೆಯಲ್ಲಿದೆ.

ಮೊದಲು ಜಾಗ. ಸಮತಟ್ಟಾದ, ಜನಸಂಚಾರವಿಲ್ಲದ, 30 ಮೀಟರ್ ಉದ್ದದ ಕಾರಿಡಾರ್ ಬೇಕು. ಎರಡು ತುದಿಗಳಲ್ಲಿ ಒಂದೊಂದು ಕೋನ್ ಇಟ್ಟು, ನೆಲದ ಮೇಲೆ ಮೂರು ಮೀಟರಿಗೊಂದು ಗುರುತು ಹಾಕಬೇಕು. ಕಾರಿಡಾರ್ ಗಿಡ್ಡದಾದಷ್ಟೂ ರೋಗಿ ಹೆಚ್ಚು ಸಲ ತಿರುಗಬೇಕಾಗಿ ಬಂದು ದೂರ ಕಡಿಮೆಯಾಗುತ್ತದೆ. ಜಾಗವಿಲ್ಲವೆಂದು ಟ್ರೆಡ್‌ಮಿಲ್ ಹತ್ತಿಸಿದರೆ ಅದು ಬೇರೆಯೇ ಪರೀಕ್ಷೆಯಾಗುತ್ತದೆ.

ರೋಗಿ ದಿನವೂ ಹಾಕುವ ಚಪ್ಪಲಿ ಅಥವಾ ಶೂ ಧರಿಸಿ, ಎಂದಿನ ಔಷಧಿ, ಇನ್ಹೇಲರ್ ತೆಗೆದುಕೊಂಡೇ ಬರಬೇಕು. ಕೋಲು ಹಿಡಿದು ನಡೆಯುವ ರೂಢಿಯಿದ್ದರೆ ಕೋಲು ಇರಲಿ. ಇತ್ತೀಚೆಗೆ ಹೃದಯಾಘಾತವಾಗಿದ್ದರೆ ಅಥವಾ ಕೂತಲ್ಲೇ ಎದೆನೋವು ಬರುತ್ತಿದ್ದರೆ ಪರೀಕ್ಷೆ ಮಾಡುವಂತಿಲ್ಲ. ನಡಿಗೆಗೆ ಮುಂಚೆ ಹತ್ತು ನಿಮಿಷ ಕುರ್ಚಿಯಲ್ಲಿ ಕೂರಿಸಿ ನಾಡಿ, ರಕ್ತದೊತ್ತಡ, ಆಮ್ಲಜನಕದ ಪ್ರಮಾಣಗಳನ್ನು ಬರೆದುಕೊಳ್ಳಬೇಕು. ಬೆರಳಿಗೆ ಉಗುರುಬಣ್ಣವಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸಬಹುದು, ಅದನ್ನು ಒರೆಸಿಯೇ ಹಾಕಬೇಕು. ಏದುಸಿರು ಎಷ್ಟಿದೆ, ಕಾಲು ಎಷ್ಟು ದಣಿದಿದೆ ಎಂಬುದಕ್ಕೆ ಸೊನ್ನೆಯಿಂದ ಹತ್ತರವರೆಗಿನ ಬೋರ್ಗ್ ಮಾಪಕದಲ್ಲಿ ರೋಗಿಯೇ ಅಂಕ ಕೊಡಬೇಕು.

‘ಆರು ನಿಮಿಷದಲ್ಲಿ ನಿಮ್ಮಿಂದ ಆದಷ್ಟು ಹೆಚ್ಚು ದೂರ ನಡೆಯಬೇಕು, ಆದರೆ ಓಡಬಾರದು, ದಣಿವಾದರೆ ನಿಧಾನ ಮಾಡಿ, ನಿಂತು ಸುಧಾರಿಸಿಕೊಳ್ಳಿ, ಸಾಧ್ಯವಾದ ಕೂಡಲೇ ಮತ್ತೆ ಹೊರಡಿ’ ಎಂದು ಹೇಳಿ, ಪರೀಕ್ಷಕರು ತಾವೇ ಒಂದು ಸುತ್ತು ನಡೆದು ತೋರಿಸಬೇಕು. ಹೊರಟ ಮೇಲೆ ಪಕ್ಕದಲ್ಲಿ ನಡೆಯಬಾರದು, ಏಕೆಂದರೆ ರೋಗಿಯ ವೇಗ ಜೊತೆಗಾರರ ವೇಗವಾಗಿಬಿಡುತ್ತದೆ. ನಮ್ಮಲ್ಲಿ ಅಜ್ಜಿಯ ಕೈಹಿಡಿದುಕೊಂಡೇ ಬರುವ ಮಗಳನ್ನು ಬೆಂಚಿನ ಮೇಲೆ ಕೂರಿಸುವುದೇ ಇಡೀ ಪರೀಕ್ಷೆಯ ಕಷ್ಟದ ಕೆಲಸವಿರಬಹುದು.

ಮಾತಿನ ವಿಷಯದಲ್ಲಿ ಇನ್ನೂ ಬಿಗಿ ಬೇಕು. ಹುರಿದುಂಬಿಸಿದರೆ ರೋಗಿ ಹೆಚ್ಚು ದೂರ ನಡೆಯುತ್ತಾರೆ ಎಂಬುದು 1980ರ ದಶಕದಲ್ಲೇ ಸಾಬೀತಾಗಿದೆ. ಆದ್ದರಿಂದ ನಿಮಿಷಕ್ಕೊಮ್ಮೆ, ಒಂದೇ ದನಿಯಲ್ಲಿ, ‘ಚೆನ್ನಾಗಿ ನಡೆಯುತ್ತಿದ್ದೀರಿ, ಇನ್ನು ಐದು ನಿಮಿಷ ಇದೆ’ ಎಂಬಂತಹ ನಿಗದಿತ ವಾಕ್ಯವನ್ನಷ್ಟೇ ಹೇಳಬೇಕು. ಇವತ್ತಿನ ನರ್ಸ್ ಚಪ್ಪಾಳೆ ತಟ್ಟಿ, ಮುಂದಿನ ಸಲದವರು ಮೊಬೈಲ್ ನೋಡುತ್ತ ನಿಂತರೆ, ಎರಡು ಅಂಕಿಗಳನ್ನು ಹೋಲಿಸಿ ಏನೂ ಪ್ರಯೋಜನವಿಲ್ಲ.

ರೋಗಿ ನಿಂತರೂ ಗಡಿಯಾರ ನಿಲ್ಲಬಾರದು. ಎದೆನೋವು, ತಲೆಸುತ್ತು, ತಡೆಯಲಾಗದ ಉಬ್ಬಸ, ಮುಖ ಬಿಳಿಚಿಕೊಳ್ಳುವುದು ಕಂಡರೆ ತಕ್ಷಣ ಕೂರಿಸಬೇಕು. ಆಮ್ಲಜನಕ ಶೇ 80ಕ್ಕಿಂತ ಕೆಳಗಿಳಿದರೂ ನಡಿಗೆ ನಿಲ್ಲಿಸಬೇಕು. ಅದು ಶೇ 85ಕ್ಕೆ ಏರಿದ ಮೇಲೆ, ಸಮಯ ಉಳಿದಿದ್ದರೆ, ಮುಂದುವರಿಸಬಹುದು.

ಆರನೇ ನಿಮಿಷ ಮುಗಿದಾಗ ರೋಗಿ ನಿಂತಲ್ಲಿಗೇ ಕುರ್ಚಿ ಒಯ್ಯಬೇಕು. ಹೋಗಿ ಬಂದರೆ 60 ಮೀಟರಿನ ಒಂದು ಸುತ್ತು. ಆರು ಸುತ್ತು ಮುಗಿಸಿ ಏಳನೆಯದರಲ್ಲಿ 24 ಮೀಟರ್ ನಡೆದಿದ್ದರೆ ಒಟ್ಟು 384 ಮೀಟರ್. ಬೋರ್ಗ್ ಅಂಕವನ್ನು ಮತ್ತೆ ಕೇಳಿ, ನಡುವೆ ಆಮ್ಲಜನಕ ಇಳಿದಿದ್ದ ಅತಿ ಕಡಿಮೆ ಮಟ್ಟವನ್ನೂ ಬರೆಯಬೇಕು. ಎರಡನೇ ಸಲಕ್ಕೆ ಅಭ್ಯಾಸಬಲದಿಂದಲೇ ದೂರ ಹೆಚ್ಚುವುದರಿಂದ, ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಟ್ಟು ಮತ್ತೊಮ್ಮೆ ನಡೆಸಿ, ಎರಡರಲ್ಲಿ ಹೆಚ್ಚಿನದನ್ನು ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಹೊರರೋಗಿ ವಿಭಾಗಗಳ ನೂಕುನುಗ್ಗಲಿನಲ್ಲಿ ಮೊದಲು ಕೈಬಿಡುವ ಹಂತ ಇದೇ ಇರಬೇಕು. ಇದನ್ನು ಬಿಟ್ಟರೆ, ಮುಂದಿನ ಭೇಟಿಯಲ್ಲಿ ಕಂಡ ಹೆಚ್ಚಳ ಔಷಧಿಯದೋ ರೂಢಿಯದೋ ಹೇಳಲಾಗದು.

ಇದಕ್ಕಿಂತ ಕಟ್ಟುನಿಟ್ಟಾದದ್ದು 1992ರಲ್ಲಿ ಪ್ರಕಟವಾದ ಷಟಲ್ ನಡಿಗೆ. ಅದರಲ್ಲಿ ಹತ್ತು ಮೀಟರಿನ ಹಾದಿಯಲ್ಲಿ, ನಿಮಿಷದಿಂದ ನಿಮಿಷಕ್ಕೆ ಚುರುಕಾಗುವ ಬೀಪ್ ಸದ್ದಿಗೆ ಸರಿಯಾಗಿ ಕೋನ್ ಮುಟ್ಟುತ್ತ ಹೋಗಬೇಕು. ಮುಟ್ಟಲಾಗದಿದ್ದಾಗ ಪರೀಕ್ಷೆ ಮುಗಿಯುತ್ತದೆ.

ಸಿಒಪಿಡಿಯ ತೀವ್ರತೆ ಅಳೆಯುವ ಬೋಡ್ ಸೂಚ್ಯಂಕದಲ್ಲಿ, ಆರು ನಿಮಿಷದಲ್ಲಿ 350 ಮೀಟರಿಗಿಂತ ಕಡಿಮೆ ನಡೆದವರ ಅಪಾಯದ ಅಂಕ ಏರತೊಡಗುತ್ತದೆ. ಎರಡು ಭೇಟಿಗಳ ನಡುವೆ ಸುಮಾರು 30 ಮೀಟರಿನ ಏರಿಳಿತವಾದರೆ ಅದನ್ನು ನಿಜವಾದ ಬದಲಾವಣೆಯೆಂದು ಪರಿಗಣಿಸುತ್ತಾರೆ. ಆಮ್ಲಜನಕ ಹಾಕಿಕೊಂಡು ನಡೆಯುವವರ ಹಾಳೆಯಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಎಂಬುದರ ಜೊತೆಗೆ, ಸಿಲಿಂಡರನ್ನು ಎಳೆದವರು ರೋಗಿಯೋ ಸಿಬ್ಬಂದಿಯೋ ಎಂಬುದನ್ನೂ ಬರೆದಿರಬೇಕು. ಊರು ಅಥವಾ ಆಸ್ಪತ್ರೆ ಬದಲಾಯಿಸುವವರು ಈ ಹಾಳೆಯ ಪ್ರತಿಯನ್ನು ಕೇಳಿ ಪಡೆದು, ಕಾರಿಡಾರಿನ ಉದ್ದವನ್ನು ಅದರಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.