ತೋಟಕ್ಕೆ ಮಿನಿ ಹಿಟಾಚಿ ಕೊಂಡ ನನ್ನ ಲೆಕ್ಕ

ಮೊನ್ನೆ ಭಾವ ಫೋನ್ ಮಾಡಿದ್ದರು. "ಆರಿದ್ರಾ ಮಳೆ ಒಂದು ದಿನ ಹೊಳವಾದ್ರೆ ಗಾಡಿ ಕಳಿಸ್ತೀಯಾ ಮಾರಾಯ? ಕೆಳಗಿನ ಕಾದಿಗೆ ಪೂರ್ತಿ ಮುಚ್ಚಿ ಹೋಗಿದೆ" ಅಂದರು. ಹೊಳವು ಅಂದರೆ ಮಳೆಯ ಬಿಡುವು, ಕಾದಿಗೆ ಅಂದರೆ ತೋಟದ ನೀರು ಬಸಿದು ಹೋಗುವ ಕಾಲುವೆ. 2021ರಲ್ಲಿ ಗಾಡಿ ಲಾರಿಯಿಂದ ಇಳಿದ ದಿನ ಇದೇ ಭಾವ ಅಂಗಳದಲ್ಲಿ ನಿಂತು, "ಒಂಬತ್ತು ಎಕರೆಯವನಿಗೆ ಎಂತಕ್ಕೆ ಇದು? ಆನೆ ಸಾಕಿದ ಹಾಗೆ" ಅಂದಿದ್ದರು. ಆವತ್ತು ನಾನು ಮಾತಾಡಿರಲಿಲ್ಲ. ಈಗ ನಾಲ್ಕು ವರ್ಷದ ಲೆಕ್ಕ ಕೈಯಲ್ಲಿದೆ. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ಹೊಸನಗರ ತಾಲೂಕು. ಆರು ಎಕರೆ ಅಡಿಕೆ, ಉಳಿದದ್ದು ಗದ್ದೆ ಮತ್ತು ಬ್ಯಾಣ (ಹುಲ್ಲುಗಾವಲು). ನನ್ನ ಗಾಡಿ ಮೂರು ಟನ್ನಿನ ಸಣ್ಣದು, ಸೆಕೆಂಡ್ ಹ್ಯಾಂಡ್. ನಮ್ಮ ಕಡೆ ಚೈನ್ ಮೇಲೆ ಓಡುವ, ಮಣ್ಣು ತೆಗೆಯುವ ಗಾಡಿಯೆಲ್ಲ ಹಿಟಾಚಿಯೇ. ಯಾವ ಕಂಪನಿ ಅಂತ ಕೇಳಬೇಡಿ.

ಮೊದಲು ಸೋತ ಕಥೆ ಹೇಳಿಬಿಡುತ್ತೇನೆ. 2014ರಲ್ಲಿ ನಾನು, ಚಿಕ್ಕಪ್ಪನ ಇಬ್ಬರು ಮಕ್ಕಳು ಸೇರಿ ಒಂದು ಹಳೇ ಜೆಸಿಬಿ ತೆಗೆದುಕೊಂಡಿದ್ದೆವು. ತಲಾ ಮೂರು ಲಕ್ಷ. ಗಾಡಿಯದ್ದು ಏನೂ ತಪ್ಪಿರಲಿಲ್ಲ. ಅದು ರಸ್ತೆ, ತಳಪಾಯದ ಕೆಲಸಕ್ಕೆ ಹುಟ್ಟಿದ್ದು. ಅದನ್ನು ಅಡಿಕೆ ತೋಟಕ್ಕೆ ನುಗ್ಗಿಸಿದ್ದು ನಮ್ಮ ದಡ್ಡತನ. ಮರದಿಂದ ಮರಕ್ಕೆ ಒಂಬತ್ತು ಅಡಿ, ಗಾಡಿಯ ಅಗಲವೇ ಏಳೂವರೆ ಅಡಿ. ಮೇಲೆ ಏಳೆಂಟು ಟನ್ ತೂಕ. ಮಣ್ಣು ಇನ್ನೂ ಹಸಿ ಇದ್ದಾಗ ಒಂದು ಸಾಲಿನಲ್ಲಿ ಎರಡು ಸಲ ಓಡಾಡಿಸಿದೆ, ಅಷ್ಟೇ. ಅಡಿಕೆ ಬೇರು ಹೆಚ್ಚಾಗಿ ಮೇಲಿನ ಎರಡು ಅಡಿಯಲ್ಲೇ ಇರುತ್ತದೆ, ಗೊತ್ತಲ್ಲ. ಆ ಸಾಲು ಎರಡು ವರ್ಷ ಹಳದಿ ತಿರುಗಿ ನಿಂತಿತ್ತು. ಫಸಲು ಅರ್ಧ.

ಅದಕ್ಕಿಂತ ದೊಡ್ಡ ತೊಂದರೆ ಪಾಲಿನದು. ಮೂವರಿಗೂ ಗಾಡಿ ಬೇಕಾಗಿದ್ದು ಮೇ ತಿಂಗಳ ಕೊನೆಯ ಹತ್ತೇ ದಿನ. ಇನ್ನು ಪಾಲಿನ ಗಾಡಿಗೆ ಗ್ರೀಸ್ ಹೊಡೆಯುವವರು ಯಾರೂ ಇಲ್ಲ. ಎರಡು ವರ್ಷಕ್ಕೆ ಮಾರಿದೆವು. ನನ್ನ ಪಾಲಿಗೆ ಒಂದು ಲಕ್ಷ ಚಿಲ್ಲರೆ ಲಾಸು, ರಿಪೇರಿ ಬೇರೆ. ಒಂದು ವರ್ಷ ಹಬ್ಬಕ್ಕೂ ಮಾತಿರಲಿಲ್ಲ.

ಮತ್ತೆ ಗಾಡಿ ಯೋಚನೆ ಬಂದಿದ್ದು 2019ರ ಆಗಸ್ಟ್ ಮಳೆಯಲ್ಲಿ. ಆ ಮಳೆ ಮಲೆನಾಡಿನಲ್ಲಿ ಯಾರಿಗೆ ಮರೆಯುತ್ತದೆ? ನಮ್ಮ ತೋಟದ ತಲೆಯಲ್ಲಿದ್ದ ಧರೆ (ಕಡಿದಾದ ಮಣ್ಣಿನ ದಿಬ್ಬ) ಕುಸಿದು ದೊಡ್ಡ ಬಸಿಗಾಲುವೆಗೆ ಬಿತ್ತು. ನೀರು ತೋಟದಲ್ಲೇ ನಿಂತಿತು. ಬಾಡಿಗೆ ಗಾಡಿಗೆ ಫೋನ್ ಮಾಡದ ಜನ ಇಲ್ಲ. ಎಲ್ಲವೂ ರಸ್ತೆ ಮೇಲೆ ಬಿದ್ದ ಮಣ್ಣು ತೆಗೆಯಲು ಹೋಗಿದ್ದವು. ಅದು ಸರಿಯೇ, ರಸ್ತೆ ಮೊದಲು. ಹನ್ನೊಂದನೇ ದಿನಕ್ಕೆ ಗಾಡಿ ಬಂತು. ಬಂದು ಮಾಡಿದ್ದು ಮೂರೂವರೆ ಗಂಟೆಯ ಕೆಲಸ. ಅಷ್ಟರಲ್ಲಿ ಕೊಳೆ ರೋಗ ಆ ಭಾಗವನ್ನು ಪೂರ್ತಿ ಹಿಡಿದಿತ್ತು, ಔಷಧಿ ಎರಡು ಸಲ ಹೊಡೆದಿದ್ದರೂ. ಸುಮಾರು ನಲವತ್ತು ಮರ ಮುಂದಿನ ವರ್ಷದೊಳಗೆ ಸತ್ತವು.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಬಾಡಿಗೆ ಗಾಡಿ ಎಷ್ಟು ಗಂಟೆ ಓಡಿತು ಅಂತ ಎಲ್ಲರೂ ಬರೆದಿಡುತ್ತಾರೆ. ನಾನು ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದೆ. ಗಾಡಿ ಸಿಗದೆ ಆಗದೇ ಉಳಿದ ಕೆಲಸ ಯಾವುದು, ಎಷ್ಟು ಗಂಟೆಯದ್ದು, ಅದರಿಂದ ಏನು ಹೋಯಿತು. ಒಂದೂವರೆ ವರ್ಷ ಬರೆದೆ. ಬಾಡಿಗೆ ಕಡೆ ವರ್ಷಕ್ಕೆ ಎಪ್ಪತ್ತು ಗಂಟೆ, ಹತ್ತಿರ ಹತ್ತಿರ ಎಪ್ಪತ್ತೈದು ಸಾವಿರ. ಆಗದ ಕೆಲಸದ ಕಡೆ ಎಂಬತ್ತು ಗಂಟೆ! ಹೂಳು ತೆಗೆಯದ ಕೆರೆ, ಮುಚ್ಚಿದ ಕಾದಿಗೆ, ಹೊಸ ಮಣ್ಣು ಕಾಣದ ಎರಡು ಎಕರೆ, ಹೀಗೆ. ಗಾಡಿ ಕೊಳ್ಳಲೋ ಬೇಡವೋ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಈ ಎರಡನೇ ಗೆರೆ ತೋರಿಸು ಅನ್ನುತ್ತೇನೆ. ಅದು ಖಾಲಿ ಇದ್ದರೆ ಬಾಡಿಗೆಯೇ ಸುಖ.

ಗಾಡಿ ಹುಡುಕುವ ಮುಂಚೆ ಒಂದು ಬಿದಿರು ಗಳುವನ್ನು ಐದು ಅಡಿಗೆ ಕಡಿದುಕೊಂಡೆ. ಮೂರು ಟನ್ನಿನ ಗಾಡಿಯ ಅಗಲ ಅಷ್ಟು, ಒಂದೂವರೆ ಮೀಟರ್ ಆಚೀಚೆ. ಅದನ್ನು ಅಡ್ಡ ಹಿಡಿದುಕೊಂಡು ಇಡೀ ತೋಟ ಸುತ್ತಿದೆ. ಎಲ್ಲಿ ನುಗ್ಗುತ್ತದೆ, ಎಲ್ಲಿ ಇಲ್ಲ ಅಂತ ಸುಣ್ಣದಲ್ಲಿ ಗುರುತು ಮಾಡಿದೆ. ಆಳುಗಳು ನಗುತ್ತಿದ್ದರು. ನೂರರಲ್ಲಿ ಅರವತ್ತು ಪಾಲು ಜಾಗಕ್ಕೆ ಹೋಗುತ್ತದೆ ಅಂತ ಆಯಿತು. ಅಪ್ಪನ ಕಾಲದ ಹಳೇ ತೋಟದ ಒಳಗಿನ ಸಣ್ಣ ಕಾದಿಗೆಗೆ ಇವತ್ತಿಗೂ ಆಳೇ ಬೇಕು, ಗುದ್ದಲಿಯೇ ಬೇಕು. ಇನ್ನೊಂದು, ತಿರುಗುವಾಗ ಹಿಂಭಾಗ ಚೈನಿನಿಂದ ಆಚೆ ಚಾಚುವ ಗಾಡಿ ತೋಟಕ್ಕೆ ಬೇಡವೇ ಬೇಡ. ಮುಂದೆ ನೋಡುತ್ತಾ ಕೆಲಸ ಮಾಡುತ್ತೀರಿ, ಹಿಂದೆ ಮರದ ತೊಗಟೆ ಹೋಗಿರುತ್ತದೆ.

ಐದಾರು ಗಾಡಿ ನೋಡಿದೆ. ಬೆಳಿಗ್ಗೆ ಏಳರೊಳಗೆ ಹೋಗಿ ಮೊದಲು ಇಂಜಿನ್ ಮೇಲೆ ಕೈ ಇಡುತ್ತಿದ್ದೆ. ಬಿಸಿ ಇದ್ದರೆ ನಮಗಿಂತ ಮುಂಚೆ ಸ್ಟಾರ್ಟ್ ಮಾಡಿ ಹೊಗೆ ಬಿಡಿಸಿಟ್ಟಿದ್ದಾರೆ ಅಂತ. ಬೂಮ್ (ಗಾಡಿಯ ಉದ್ದ ತೋಳು) ಎತ್ತಿ, ಇಂಜಿನ್ ಆಫ್ ಮಾಡಿ, ಚಹಾ ಕುಡಿಯುವಷ್ಟು ಹೊತ್ತು ಬಿಡಬೇಕು. ಎಷ್ಟು ಇಳಿಯಿತು ಅಂತ ಟೇಪಿನಲ್ಲಿ ಅಳೆಯಬೇಕು. ಮೀಟರ್ ನಂಬಬೇಡಿ, ಪೆಡಲ್ ಸವೆದಿದ್ದು ನೋಡಿ. ಇಷ್ಟೆಲ್ಲ ಮಾಡಿಯೂ ನಾನು ಒಂದು ಕಡೆ ಮೋಸ ಹೋದೆ. ಗಾಡಿಯ ಮೇಲ್ಭಾಗ ತಿರುಗುವ ಸ್ವಿಂಗ್ ಬೇರಿಂಗ್ ಎಷ್ಟು ಸಡಿಲ ಆಗಿದೆ ಅಂತ ನೋಡಲಿಲ್ಲ. ಬಕೆಟನ್ನು ನೆಲಕ್ಕೆ ಒತ್ತಿ ಗಾಡಿಯ ಮುಂಭಾಗ ಸ್ವಲ್ಪ ಎತ್ತಿದ್ದರೆ ಕಣ್ಣಿಗೇ ಕಾಣುತ್ತಿತ್ತು. ಎರಡನೇ ತಿಂಗಳೇ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಓಡಿದೆ, ಎಂಬತ್ತೈದು ಸಾವಿರ ಬಿತ್ತು. ಗಾಡಿ ಬೆಲೆ ಒಂಬತ್ತೂವರೆ ಲಕ್ಷ. ಮೀಟರಿನಲ್ಲಿ 4,200 ಗಂಟೆ ಇತ್ತು, ನನ್ನ ಅಂದಾಜಿನಲ್ಲಿ ಆರು ಸಾವಿರ ಆಗಿತ್ತು. ಮಾರುವವರು ಕೇಳಿದ್ದು ಹನ್ನೆರಡು ಲಕ್ಷ. ಎರಡೂವರೆ ಹೇಗೆ ಇಳಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಇನ್ನೊಂದು ಗಾಡಿ ಕೊಳ್ಳುವುದಿದೆ.

ಮೊದಲ ಮಳೆಗಾಲ ಮರ್ಯಾದೆ ಹೋಯಿತು. ಪುನರ್ವಸು ಮಳೆ. ಕೆಸರಿನಲ್ಲಿ ಚೈನ್ ಸ್ವಲ್ಪ ಸಡಿಲ ಇರಬೇಕು, ಇಲ್ಲದಿದ್ದರೆ ಮಣ್ಣು ತುಂಬಿ ಬಿಗಿಯಾಗುತ್ತದೆ. ಅದು ಗೊತ್ತಿತ್ತು, ಸಡಿಲ ಮಾಡಿದ್ದೆ. ಆಮೇಲೆ ಅದೇ ಸಡಿಲ ಚೈನಿನಲ್ಲಿ ಓರೆ ಜಾಗಕ್ಕೆ ಹೋಗಿ ನಿಂತಲ್ಲೇ ತಿರುಗಿಸಿದೆ. ಕಾದಿಗೆಯ ಅಂಚಿನಲ್ಲಿ ಚೈನ್ ಕಳಚಿ ಗಾಡಿ ವಾಲಿತು. ಎರಡು ದಿನ ಅಲ್ಲೇ. ಜಾಕು, ಬಿದಿರು, ಹಾರೆ, ಹತ್ತು ಜನ. ಊರಿನವರೆಲ್ಲ ಕೊಡೆ ಹಿಡಿದು ಬಂದು ನೋಡಿ ಹೋದರು. ಚೌಡಿ ದೇವರಿಗೆ ಹೇಳಿಕೊಂಡಿದ್ದೀಯಾ ಅಂತ ಒಬ್ಬರು ಕೇಳಿದರು. ಅದೇ ವರ್ಷ ಜಂಬಿಟ್ಟಿಗೆ ಕಲ್ಲಿನ ಅಂಚಿಗೆ ಸಿಕ್ಕಿ ಒಂದು ರಬ್ಬರ್ ಚೈನ್ ಹರಿಯಿತು. ಜೊತೆಯಾಗಿಯೇ ಬದಲಿಸಬೇಕಾಯಿತು, ತೊಂಬತ್ತು ಸಾವಿರ. ರಬ್ಬರ್ ತೋಟಕ್ಕೆ ಒಳ್ಳೆಯದು, ಬೇರಿಗೆ ಪೆಟ್ಟು ಕಡಿಮೆ. ಕಲ್ಲಿನ ಜಾಗಕ್ಕೆ ಇಳಿಸಬೇಡಿ.

ಆಪರೇಟರ್ ಕಥೆ ಚಿಕ್ಕದು. ಒಬ್ಬ ಹುಡುಗ ಬಂದ, ಒಳ್ಳೇ ಕೈ. ಆರು ತಿಂಗಳಿಗೆ ಕರಾವಳಿ ಕಡೆ ಜಾಸ್ತಿ ಸಂಬಳ ಅಂತ ಹೋದ. ನಾನೇ ಕಲಿತೆ. ಬೇಸಿಗೆಯಲ್ಲಿ ಒಣ ಗದ್ದೆಯಲ್ಲಿ ಗುಂಡಿ ತೆಗೆದು ಮುಚ್ಚುವುದು, ಮತ್ತೆ ತೆಗೆಯುವುದು. ಮನೆಯವಳು "ನಿಧಿ ಸಿಕ್ತಾ?" ಅಂತ ಕೇಳುತ್ತಿದ್ದಳು. ಸ್ಪ್ರಿಂಕ್ಲರಿನ ಮೇನ್ ಪೈಪ್ ನಾಲ್ಕು ಸಲ ಒಡೆದೆ. ಐವತ್ತೆರಡನೇ ವಯಸ್ಸಿನಲ್ಲಿ ಇಷ್ಟು ಕಲಿತಿದ್ದಕ್ಕೆ ನನಗೆ ನಾನೇ ಶಹಬ್ಬಾಸ್ ಕೊಟ್ಟುಕೊಂಡಿದ್ದೇನೆ. ಈಗ ಕೇಳಿದವರ ತೋಟಕ್ಕೆ ಹೋಗಲು ಪಕ್ಕದ ಊರಿನ ಒಬ್ಬನಿದ್ದಾನೆ, ಗಂಟೆ ಲೆಕ್ಕದಲ್ಲಿ ಕೊಡುತ್ತೇನೆ.

ಗೆದ್ದಿದ್ದು ಎಲ್ಲಿ ಅಂದರೆ ಬಕೆಟಿನಲ್ಲಿ. ಗಾಡಿ ಜೊತೆ ಬರುವ ಬಕೆಟ್ ಕಾದಿಗೆಗೆ ಆಗುವುದಿಲ್ಲ. ನೆಟ್ಟಗೆ ಕಡಿಯುತ್ತದೆ, ಒಂದು ಮಳೆಗೆ ಎರಡೂ ಬದಿ ಕುಸಿಯುತ್ತದೆ. ನಾನು ರಿಪ್ಪನ್‌ಪೇಟೆಯಲ್ಲಿ ವೆಲ್ಡಿಂಗ್ ಮಾಡಿಸಿ, ಕೆಳಗೆ ಕಿರಿದು ಮೇಲೆ ಅಗಲ ಇರುವ ಬಕೆಟ್ ಮಾಡಿಸಿದೆ. ಹದಿನಾಲ್ಕು ಸಾವಿರ. ಮೊದಲನೆಯದ್ದು ದಂಡ, ಅಂಟು ಮಣ್ಣು ಉದುರುತ್ತಲೇ ಇರಲಿಲ್ಲ. ಎರಡನೆಯದ್ದು ಸರಿಯಾಯಿತು. ಎರಡೂವರೆ ಅಡಿ ಆಳ, ಬದಿ ಓರೆ, ಒಂದೇ ಎಳೆತಕ್ಕೆ. ಹೂಳು ತುಂಬಿದ ದೊಡ್ಡ ಕಾದಿಗೆಯಲ್ಲಿ ಒಬ್ಬ ಆಳು ದಿನಕ್ಕೆ ಎಂಟು ಹತ್ತು ಮಾರು (ಒಂದು ಮಾರು ಅಂದರೆ ಎರಡೂ ಕೈ ಚಾಚಿದಷ್ಟು ಉದ್ದ) ತೆಗೆದರೆ ಹೆಚ್ಚು. ಇದು ಗಂಟೆಗೆ ಇಪ್ಪತ್ತರಿಂದ ಇಪ್ಪತ್ತೈದು ಮಾರು. ಬಕೆಟಿನ ಅಳತೆ ಇಲ್ಲಿ ಬರೆಯುವುದಿಲ್ಲ. ಹಾಗೆಯೇ ಅಡಿಕೆ ಮರದ ತುಂಡು ಕಟ್ಟಿ ಗಾಡಿಯನ್ನು ಕಾದಿಗೆ ದಾಟಿಸುವ ಒಂದು ಉಪಾಯ ಇದೆ. ಮನೆಗೆ ಬನ್ನಿ, ಕಾಫಿ ಕುಡಿದು ನೋಡಿಕೊಂಡು ಹೋಗಿ.

ಸುಮ್ನೆ ಇರಲಾಗದೆ ಮಾಡಿದ ಪ್ರಯೋಗಗಳೂ ಇವೆ. ಕಾಡುಕೋಣ ತಡೆಯಲು ಬ್ಯಾಣದ ಅಂಚಿಗೆ ಅಗಳ (ಕಂದಕ) ತೆಗೆದೆ, ಹದಿನೆಂಟು ಗಂಟೆ. ತೆಗೆದ ಮಣ್ಣನ್ನು ಮೇಲಿನ ಬದಿಗೇ ಹಾಕಿದ್ದೆ. ಆ ಮಳೆಗಾಲದಲ್ಲೇ ಮಣ್ಣೆಲ್ಲ ವಾಪಸ್ ಅಗಳಕ್ಕೆ ಇಳಿಯಿತು. ಕೋಣಗಳು ಆರಾಮಾಗಿ ನಡೆದು ಬಂದವು. ಗೊಬ್ಬರ ಗುಂಡಿ ಮಗುಚಿದ್ದು ಮಾತ್ರ ಭಾರೀ ಲಾಭ. ಮೊದಲು ನಾಲ್ಕು ಆಳು ಎರಡು ದಿನ ಮಾಡುತ್ತಿದ್ದುದು ಈಗ ಎರಡು ಗಂಟೆ. ತಿಂಗಳಿಗೊಮ್ಮೆ ಮಗುಚಿದರೆ ಸೊಪ್ಪು ಎಷ್ಟು ಬೇಗ ಕೊಳೆಯುತ್ತದೆ ಅಂತೀರಿ. ಕೆರೆಯ ಹೂಳು ಒಣಗಿಸಿ ತೋಟಕ್ಕೆ ಹಾಕಿದ್ದರ ಫಲ ಹೋದ ವರ್ಷದಿಂದ ಕಾಣುತ್ತಿದೆ.

ಈಗ ದುಡ್ಡು. ಡೀಸೆಲ್ ಗಂಟೆಗೆ ಮೂರು ಲೀಟರ್, ಅಂದರೆ 270 ರೂಪಾಯಿ ಆಚೀಚೆ. ಆಯಿಲ್, ಫಿಲ್ಟರ್, ಗ್ರೀಸ್ 50. ಆಪರೇಟರ್ 130. ರಿಪೇರಿಗೆ 150 ಅಂತ ಪ್ರತಿ ಗಂಟೆಗೂ ಬೇರೆ ಡಬ್ಬಿಗೆ ಹಾಕುತ್ತೇನೆ, ಕೆಟ್ಟರೂ ಕೆಡದಿದ್ದರೂ. ಒಟ್ಟು ಆರುನೂರು. ನಮ್ಮ ಕಡೆ ಬಾಡಿಗೆ ಗಂಟೆಗೆ 1,100. ಉಳಿಯುವುದು ಐನೂರು. ಒಂಬತ್ತೂವರೆ ಲಕ್ಷಕ್ಕೆ ವರ್ಷದ ಬಡ್ಡಿ ತೊಂಬತ್ತೈದು ಸಾವಿರ ಹಿಡಿಯಿರಿ, ಗಾಡಿ ಬೆಲೆ ಇಳಿಯುವುದು ಎಪ್ಪತ್ತು. ಅಂದರೆ ವರ್ಷಕ್ಕೆ 330 ಗಂಟೆ ಓಡಿದರೆ ಸರಿಗೆ ಸರಿ. ನನ್ನ ತೋಟದ ಕೆಲಸ ಎಳೆದಾಡಿದರೂ 150 ಗಂಟೆ. ಬರೀ ನನಗೋಸ್ಕರ ಅಂತ ಕೊಂಡಿದ್ದರೆ ಭಾವ ಹೇಳಿದ್ದೇ ನಿಜ, ಆನೆಯೇ. ಅಕ್ಕಪಕ್ಕದ ಹತ್ತಿಪ್ಪತ್ತು ಮನೆಯವರು ಕರೆಯುವುದರಿಂದ ಒಟ್ಟು ನಾನೂರು ಮುಟ್ಟುತ್ತಿದೆ. ಮೊದಲ ವರ್ಷ ಕೈಯಿಂದ ಹೋಯಿತು, ಎರಡನೇ ವರ್ಷ ಸರಿಗೆ ಸರಿ, ಆಮೇಲೆ ವರ್ಷಕ್ಕೆ ಮೂವತ್ತೈದು ನಲವತ್ತು ಸಾವಿರ ಉಳಿದಿದೆ. ದೊಡ್ಡ ದುಡ್ಡಲ್ಲ. ಆದರೆ ನಾಲ್ಕು ವರ್ಷದಲ್ಲಿ ನೀರು ನಿಂತು ಒಂದು ಮರ ಹೋಗಿಲ್ಲ, ಅದನ್ನು ಯಾವ ಕಾಲಮ್ಮಿಗೆ ಬರೆಯೋದು ಹೇಳಿ? ಮಳೆ ಒಂದು ದಿನ ಹೊಳವಾದರೆ ಸಾಕು, ಬೆಳಿಗ್ಗೆ ಎಂಟಕ್ಕೆ ಗಾಡಿ ತೋಟದಲ್ಲಿರುತ್ತದೆ. ಬಾಡಿಗೆ ಗಾಡಿ ಆ ದಿನ ಬರುವುದಿಲ್ಲ. ಚೈನ್ ಗಾಡಿಯನ್ನು ಸಾಗಿಸಲು ಲಾರಿ ಬೇಕು, ಹಸಿ ರಸ್ತೆಗೆ ಲಾರಿಯವರು ಬರಲ್ಲ.

ಗಾಡಿ ಇದೆ ಅಂತ ಗೊತ್ತಾದರೆ ಬರುವ ಕರೆಗಳಲ್ಲಿ ಅರ್ಧಕ್ಕೆ ಇಲ್ಲ ಅನ್ನಬೇಕಾಗುತ್ತದೆ. ಗುಡ್ಡ ಸಪಾಟು ಮಾಡಿ ಅಡಿಕೆ ಹಾಕುತ್ತೇನೆ ಅನ್ನುವವರೇ ಹೆಚ್ಚು. ನಾನು ಹೋಗಲ್ಲ. ಧರೆಯ ಬುಡ ನೆಟ್ಟಗೆ ಕಡಿದರೆ ಮೇಲಿನದ್ದು ಯಾವತ್ತೋ ಇಳಿಯುತ್ತದೆ, 2019ರಲ್ಲಿ ಕಣ್ಣಾರೆ ನೋಡಿದ್ದೇನೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟಕ್ಕಂತೂ ಚೈನ್ ಇಡುವುದಿಲ್ಲ. ಸೊಪ್ಪಿನ ಹಕ್ಕು ನಮ್ಮದು, ನೆಲ ನಮ್ಮದಲ್ಲ. ಇದಕ್ಕೆ ಇಬ್ಬರು ಸಿಟ್ಟಾಗಿದ್ದಾರೆ. ಆಗಲಿ.

ಮೀಟರ್ ಈಗ 5,900ರ ಹತ್ತಿರ ಇದೆ. ಹದಿನೈದು ದಿನದಿಂದ ಪಂಪಿನ ಸದ್ದು ಸ್ವಲ್ಪ ಬೇರೆ ಕೇಳುತ್ತಿದೆ, ಬಿಸಿಯಾದ ಮೇಲೆ ಬೂಮ್ ನಿಧಾನ. ಡಬ್ಬಿಯಲ್ಲಿ ಒಂದು ಲಕ್ಷದ ಹತ್ತು ಸಾವಿರ ಕೂತಿದೆ. ಮಗೆ ಮಳೆ ಕಳೆದ ಮೇಲೆ, ಅಡಿಕೆ ಗೊನೆ ಕೊಯ್ಲಿಗೆ ಮುಂಚೆ, ಬಿಚ್ಚಿಸಬೇಕು. ಅಷ್ಟರೊಳಗೆ ಭಾವನ ಕಾದಿಗೆ ಒಂದು ಮುಗಿಸಿ ಕೊಡಬೇಕು. ಗಂಟೆಗೆ 1,100, ಭಾವನಿಗೂ ಅಷ್ಟೇ.